ಬೆಳಕಿಂಡಿಯಲ್ಲಿ ದತ್ತೂ ಕಾಕಾ

ಬೈಲಹೊಂಗಲದ ಬಸ್ ನಿಲ್ದಾಣದಲ್ಲಿ ಒಮ್ಮೆ ಯಾರೋ ದತ್ತೂ ಕಾಕಾನ ಮೂಗಿಗೆ ಉಳ್ಳಾಗಡ್ಡಿ ಹಿಡಿದಿದ್ದರು. ಇಳಿಹೊತ್ತಿನಲ್ಲಿ ಯರಗಟ್ಟಿ ಬಸ್ಸಿನ ಗಾಲಿ ಹತ್ತಿರ ಮನುಷ್ಯನೊಬ್ಬ ಬೋರಲು ಬಿದ್ದಿದ್ದರೆ ಫಿಟ್ಸ್ ಬಂದಿದೆ ಎಂದುಕೊಳ್ಳದೆ ಏನು ಮಾಡಿಯಾರು? ಕಾಕಾ ಮಾತ್ರ ಕ್ಯಾಮೆರಾದಿಂದ ಕಣ್ಣು ತೆಗೆಯದೆ, “ಆ ಉಳ್ಳಾಗಡ್ಡಿ ಮನಿಗೆ ಒಯ್ರಿ, ಭಜಿ ಮಾಡ್ರಿ. ಮೊದಲ ಅತ್ತಾಗ ಸರೀರಿ, ನನ್ನ ನೆರಳಿನ ಮ್ಯಾಲ ನಿಂತೀರಿ!” ಎಂದು ಗದರಿದರಂತೆ. ಅವರಿಗೆ ಬೇಕಾಗಿದ್ದದ್ದು ಗಾಲಿಯ ಉದ್ದನೆಯ ನೆರಳು.

ಅವರು ನಮ್ಮ ಎದುರು ಮನೆಯವರು. ರಕ್ತಸಂಬಂಧವಿಲ್ಲ, ಚಿಕ್ಕಂದಿನಿಂದ ಕಾಕಾ ಎಂದೇ ರೂಢಿ. ಪೇಟೆಯಲ್ಲಿ ಸ್ಟುಡಿಯೋ ಇತ್ತು. ಮದುವೆ, ಪಾಸ್‌ಪೋರ್ಟ್ ಸೈಜು, ಇವೆಲ್ಲ ಹೊಟ್ಟೆಪಾಡಿಗೆ, ಬಣ್ಣದಲ್ಲಿ. ತಮ್ಮ ಸಂತೋಷಕ್ಕೆ ತೆಗೆಯುವುದು ಕಪ್ಪು ಬಿಳುಪು ಮಾತ್ರ. “ಬಣ್ಣ ಭಾಳ ಬಾಯಿ ಮಾಡತೈತವ್ವಾ. ಅದನ್ನ ಸುಮ್ಮ ಕುಂಡ್ರಿಸಿದ್ರ ಬೆಳಕು ಏನ ಹೇಳತೈತಿ ಕೇಳಬಹುದು,” ಎನ್ನುತ್ತಿದ್ದರು. ಎಂ.ಕೆ. ಹುಬ್ಬಳ್ಳಿಗೆ ಹೋಗಿ ಕಬ್ಬು ಹೇರಿದ ಟ್ರ್ಯಾಕ್ಟರ್ ತೆಗೆದು ತಂದರೆ, ಫೋಟೋದ ತುಂಬ ಕಡಿದ ಕಬ್ಬಿನ ತುದಿಗಳು, ಬರೀ ದುಂಡು ದುಂಡು. ಟ್ರ್ಯಾಕ್ಟರ್ ಎಲ್ಲಿ ಎಂದು ಕೇಳಿದೆ.

“ಟ್ರ್ಯಾಕ್ಟರ್ ನೀ ದಿನಾ ನೋಡತಿ. ಈ ದುಂಡು ನೋಡಿದ್ಯೇನ?”

ನಾನು ಕಲಿಸುವ ಶಾಲೆಗೆ ಒಮ್ಮೆ ಅವರನ್ನು ಕರೆಸಿ ಪೇಚಿಗೆ ಸಿಕ್ಕಿದ್ದೆ. ಪ್ರಾರ್ಥನೆಯ ಹೊತ್ತಿಗೆ ಕಾಕಾ ಚಾವಣಿ ಹತ್ತಿಬಿಟ್ಟರು. ಫೋಟೋದಲ್ಲಿ ಮಕ್ಕಳೆಲ್ಲ ಸಣ್ಣ ಚುಕ್ಕಿ, ನೆರಳುಗಳು ಮಾರುದ್ದ. ನೋಡಲು ಚೆಂದವಿತ್ತು, ಸುಳ್ಳು ಹೇಳುವುದಿಲ್ಲ. ಹೆಡ್‌ಮಾಸ್ತರರು ಬೋಳು ತಲೆ ಸವರಿಕೊಳ್ಳುತ್ತ ಹುಡುಕಿ ಹುಡುಕಿ, “ಇದರಾಗ ನಾ ಎಲ್ಲದೇನ್ರಿ?” ಎಂದರು.

“ಎಲ್ಲಾರಕಿಂತ ಬೆಳ್ಳಗ ಹೊಳ್ಯಾಕ ಹತ್ತೇತಲ್ಲರಿ ಸರ, ಅದ ನೀವು.”

ಮರುದಿನ ಬಂದು ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ತೆಗೆದುಕೊಟ್ಟರು, ಮುಖ ಹುಳ್ಳಗೆ ಮಾಡಿಕೊಂಡು.

ಅವರದು ಮಣ್ಣಿನ ಮಾಳಿಗೆಯ ಮನೆ. ಅಡಿಗೆಮನೆಯ ಬೆಳಕಿಂಡಿಯಿಂದ ಬಿಸಿಲು ನೆಟ್ಟಗಿಳಿದು, ಅವರ ಹೆಂಡತಿ ಸುಶೀಲಾ ಕಾಕು ರೊಟ್ಟಿ ಬಡಿಯುವ ಜಾಗಕ್ಕೇ ಬೀಳುತ್ತಿತ್ತು. ಕಾಕಾ ಮಾಳಿಗೆಯ ಮೇಲೆ ಮಲಗಿ ಆ ಕಿಂಡಿಯಿಂದ ಇಣುಕಿ ಫೋಟೋ ತೆಗೆಯುತ್ತಿದ್ದರು. ಆಗ ಬೆಳಕಿಗೆ ಅವರ ತಲೆಯೇ ಅಡ್ಡ. ಕಾಕು ಕೂಗುವುದು ನಮ್ಮ ಮನೆಯವರೆಗೂ ಕೇಳುತ್ತಿತ್ತು: “ನಿಮ್ಮ ತಲಿ ತಗೀರಿ, ರೊಟ್ಟಿ ಕಾಣವಲ್ದು!” ಕೂಗಿನ ಬೆನ್ನಿಗೇ ನಗು.

ಮೂರು ವರ್ಷದ ಹಿಂದೆ ಸಣ್ಣ ಜ್ವರದ ನೆಪ ಮಾಡಿಕೊಂಡು ಕಾಕು ಹೋಗಿಬಿಟ್ಟರು. ಕಾರ್ಯದ ದಿನ ಗೋಡೆಗೆ ಫೋಟೋ ಬೇಕು. ಹಣೆಗೆ ಕುಂಕುಮ ಹಚ್ಚಿ ಹಾರ ಹಾಕಬೇಕು. ಹುಡುಕಿದರೆ ಕಾಕುವಿನ ಮುಖವೇ ಇಲ್ಲ. ಮದುವೆ ಫೋಟೋದಲ್ಲಿ ಬಾಸಿಂಗದ ಕೆಳಗೆ ಗದ್ದವಷ್ಟೇ ಇತ್ತು. ನೆಂಟರ ಮೊಬೈಲುಗಳಲ್ಲಿ ಸೆರಗು ಬಾಯಿಗೆ ಅಡ್ಡ ಹಿಡಿದು ನಗುತ್ತಿದ್ದರು. ಆಧಾರ್ ಕಾರ್ಡಿನದನ್ನೇ ದೊಡ್ಡದು ಮಾಡಿಸೋಣವೆಂದರೆ ಕಾಕಾ ಅದನ್ನು ನೋಡಿ, “ಇದು ಆಕಿ ಅಲ್ಲ,” ಎಂದು ತಿರುಗಿಸಿಟ್ಟರು.

ನಾನೂ ಅವರೂ ನೆಗೆಟಿವ್‌ಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿದೆವು. ಕೈ, ಬಳೆ, ಬೆನ್ನು, ನೆರಳು. ರಾಮದುರ್ಗದಿಂದ ಬಂದ ಅವರ ಅಕ್ಕ ಅಂಬಕ್ಕನಿಗೆ ತಡೆಯಲಾಗಲಿಲ್ಲ. “ಊರಿಗೆಲ್ಲಾ ಫೋಟೋ ತಗದಿ, ಮನ್ಯಾಗಿನಾಕಿ ಮಾರಿ ಒಂದರ ಐತೇನೋ ದತ್ತೂ?”

“ದಿನಾ ನೋಡತೇನಲ್ಲ, ಮಾರಿ ಎಲ್ಲಿ ಹೋಗತೈತಿ ಅಂತ ತಿಳದಿದ್ನೆಕ್ಕಾ,” ಎಂದು ಕಾಕಾ ಮಕ್ಕಳ ಹಾಗೆ ಅತ್ತರು. ನನಗೂ ಅಳು ಬಂತು.

ಕಡೆಗೆ ಬೆಳಕಿಂಡಿಯ ಒಂದು ಫೋಟೋವನ್ನೇ ಗೋಡೆಗೆ ಹಾಕಿದರು. ಚೌಕ ಬಿಸಿಲಿನಲ್ಲಿ ದುಂಡು ರೊಟ್ಟಿ, ಅದರ ಮೇಲೆ ಎರಡು ಕೈ, ಬಗ್ಗಿದ ತಲೆಯ ನೆಟ್ಟನೆ ಬೈತಲೆ. ರೊಟ್ಟಿಯ ಅಂಚಿಗೆ ಕಾಕಾನ ತಲೆಯ ನೆರಳು. ಅಂಬಕ್ಕ ಕುಂಕುಮದ ಬಟ್ಟಲು ಹಿಡಿದು ನಿಂತೇ ಇದ್ದರು. “ಹಣಿ ಇಲ್ಲ, ಎಲ್ಲಿ ಹಚ್ಚಲಿ?”

“ಬೈತಲಿ ಐತಲ್ಲಕ್ಕಾ,” ಎಂದರು ಕಾಕಾ.

ಅಂಬಕ್ಕ ಅಲ್ಲಿಯೇ ಹಚ್ಚಿದರು.

ಆಮೇಲೆ ಕಾಕಾ ಮಾಳಿಗೆ ಹತ್ತಲಿಲ್ಲ. ಅಡಿಗೆಮನೆಯಲ್ಲಿ ಕುಳಿತು ಆ ಬಿಸಿಲು ನೋಡುತ್ತ ಚಹಾ ಕುಡಿಯುತ್ತಿದ್ದರು. ನಾನು ಹೋದರೆ, ಬಿಸಿಲು ತುಳಿಯದೆ ಸುತ್ತಿ ಬಾ ಎಂದು ಕೈಸನ್ನೆ. ಕಳೆದ ಬೇಸಿಗೆಯಲ್ಲಿ ಅವರೂ ಹೋದರು.

ಕಾರ್ಯಕ್ಕೆ ಬಂದ ಅಂಬಕ್ಕ, “ಇವಂದೂ ಒಂದು ಫೋಟೋ ಹುಡುಕವ್ವಾ,” ಎಂದರು. ನಾನು ಅದೇ ಫೋಟೋದ ಹತ್ತಿರ ಕರೆದೊಯ್ದು ರೊಟ್ಟಿಯ ಅಂಚಿನ ನೆರಳು ತೋರಿಸಿದೆ. ಅಂಬಕ್ಕ ಹತ್ತಿರಕ್ಕೆ ಬಗ್ಗಿ ನೋಡಿದರು. ಬೆರಳಿನಲ್ಲಿ ಗಂಧ ಅದ್ದಿ ಆ ನೆರಳಿಗೆ ಹಚ್ಚುತ್ತ ಹೇಳಿದರು:

“ತಲಿ ತಗಿಬ್ಯಾಡೋ ದತ್ತೂ, ಹಂಗ ಇರು.”