ತಿಂಗಳ ನಡುವಿನ ನೋವು

ಭಾನುವಾರ, ಜುಲೈ ಹದಿಮೂರು. ಬೆಳಗ್ಗೆ ಏಳೂವರೆಗೆ ಬರೆಯಲು ಕೂತೆ.

ಪಲ್ಯಕ್ಕೆಂದು ಬೆಂಡೆಕಾಯಿ ಹೆಚ್ಚುತ್ತಿದ್ದೆ. ತೊಳೆದು ಒರೆಸದೆ ಹೆಚ್ಚಿದರೆ ಏನಾಗುತ್ತದೆಂದು ನಿಮಗೆ ಗೊತ್ತು. ಚಾಕು ಎತ್ತಿದರೆ ಲೋಳೆಯ ಎಳೆಯೊಂದು ಕಡಿಯದೆ ಅದರ ಜೊತೆಯೇ ಮೇಲೆದ್ದು ಬರುತ್ತದೆ. ಅದನ್ನು ಕಂಡಾಗಲೆಲ್ಲ ನನಗೆ ಬಸವನಗುಡಿಯ ಒಬ್ಬ ಡಾಕ್ಟರಮ್ಮ ನೆನಪಾಗುತ್ತಾರೆ. ಯಾಕೆಂದು ಹೇಳಲು ಮನೆಯಲ್ಲಿ ಯಾರೂ ಇಲ್ಲ. ಅಪ್ಪನಿಗೆ ಹೋದ ವರ್ಷ ಬಳ್ಳಾರಿಗೆ ವರ್ಗವಾಯಿತು. ಚಾಮರಾಜಪೇಟೆಯ ಈ ಮನೆಯಲ್ಲಿ ಈಗ ಇರುವುದು ನಾನು ಮತ್ತು ಕಾಲು ಕೆಜಿ ಬೆಂಡೆಕಾಯಿ. ನೀವಾದರೂ ಸ್ವಲ್ಪ ಹೊತ್ತು ಕೂತುಕೊಳ್ಳಿ.

ಅಮ್ಮ ಹೋದಾಗ ನಾನು ಎಂಟನೇ ಕ್ಲಾಸು. ಹೊಟ್ಟೆಯಲ್ಲಿ ಗಡ್ಡೆ ಎಂದಷ್ಟೇ ನನಗೆ ಹೇಳಿದ್ದರು. ಆಮೇಲೆ ನಮ್ಮ ಮನೆಯಲ್ಲಿ ಹೊಟ್ಟೆಯ ಮಾತು ಊಟದ ಮಟ್ಟಿಗೆ ಮಾತ್ರ ಉಳಿಯಿತು. ಹೊಟ್ಟೆ ಹಸೀತಾ, ಹೊಟ್ಟೆ ತುಂಬ್ತಾ, ಅಷ್ಟೇ. ನನ್ನ ಮುಟ್ಟಿನ ದಿನಗಳಲ್ಲಿ ಅಪ್ಪ ಏನೂ ಕೇಳದೆ ತಾವೇ ಕುಕ್ಕರ್ ಇಡುತ್ತಿದ್ದರು. ನಾನೂ ಏನೂ ಹೇಳದೆ ಉಣ್ಣುತ್ತಿದ್ದೆ.

ಡಿಗ್ರಿ ಎರಡನೇ ವರ್ಷದಲ್ಲಿ ಕಿಬ್ಬೊಟ್ಟೆಯ ಒಂದು ಬದಿಯಲ್ಲಿ ನೋವು ಶುರುವಾಯಿತು. ಚಿವುಟಿದಂತೆ ಬಂದು, ಕೆಲವು ಗಂಟೆ ಇದ್ದು, ತಾನಾಗಿ ಹೋಗುತ್ತಿತ್ತು. ಒಂದು ತಿಂಗಳು ಬಲಕ್ಕಿದ್ದರೆ ಇನ್ನೊಂದು ತಿಂಗಳು ಎಡಕ್ಕೆ. ಮುಟ್ಟಿನ ನೋವು ನನಗೆ ಗೊತ್ತಿತ್ತು, ಇದು ಅದಲ್ಲ. ಅದೇ ದಿನಗಳಲ್ಲಿ ಒಳ ಉಡುಪಿನಲ್ಲಿ ನೀರಿನಂಥ ಲೋಳೆ ಬೇರೆ. ಅಮ್ಮನ ಕಾಯಿಲೆಯೇ ನನಗೂ ಬಂದಿದೆ ಎಂದು ನಾನೇ ತೀರ್ಮಾನಿಸಿಬಿಟ್ಟೆ. ಅಪ್ಪನಿಗೆ ಹೇಳುವುದು ಹೇಗೆ? ಒಮ್ಮೆ ನೋಡಿದ್ದನ್ನು ಅವರು ಇನ್ನೊಮ್ಮೆ ನೋಡಲಾರರು ಅನ್ನಿಸುತ್ತಿತ್ತು.

ಆದರೂ ಮನಸ್ಸಿನ ಮೂಲೆಯಲ್ಲಿ ಒಂದು ಆಸೆ, ಇದು ಬರೀ ಗ್ಯಾಸ್ ಇರಬಹುದು ಎಂದು. ಎಲ್ಲವನ್ನೂ ಬರೆದಿಡುವ ಚಾಳಿ ನನ್ನದು. ನೋವು ಬಂದ ದಿನ ಏನು ತಿಂದೆ ಎಂದು ಬರೆದು, ಆ ತಿಂಡಿಯನ್ನೇ ಬಿಡತೊಡಗಿದೆ. ಹೀಗೆ ಮಸಾಲೆ ದೋಸೆ ಹೋಯಿತು. ಹಲಸಿನ ಹಣ್ಣು ಹೋಯಿತು. ಕಾರ್ತಿಕದ ಪರಿಷೆಯಲ್ಲಿ ಬಸವನಗುಡಿ ಬೀದಿಗಳಲ್ಲಿ ರಾಶಿ ಹಾಕಿದ ಹಸಿ ಕಡಲೆಕಾಯಿಯ ನಡುವೆ ಬರಿಗೈಯಲ್ಲಿ ನಡೆದ ಒಬ್ಬಳೇ ಹುಡುಗಿ ನಾನಿರಬೇಕು. ನೋವು ಮಾತ್ರ ಪ್ರತಿ ತಿಂಗಳೂ ಬರುತ್ತಿತ್ತು. ಸಂಪಿಗೆ ರಸ್ತೆಯ ಹೋಟೆಲಿನಲ್ಲಿ ಬರೀ ಬಿಸಿನೀರು ಕುಡಿಯುತ್ತ ಕೂತಿದ್ದಾಗ ಗೆಳತಿ ಶ್ವೇತಾ ರೇಗಿದಳು.

"ಏನೇ ಇದು? ಇನ್ಮೇಲೆ ಗಾಳಿ ಕುಡ್ಕೊಂಡ್ ಇರ್ತೀಯಾ? ಸುಮ್ನೆ ಡಾಕ್ಟ್ರತ್ರ ಹೋಗೇ ತಾಯಿ."

ಹೋದೆ. ಬಸವನಗುಡಿಯ ಕ್ಲಿನಿಕ್ಕಿನಲ್ಲಿ ಕಾಯುತ್ತಿದ್ದ ಎಲ್ಲರ ಪಕ್ಕದಲ್ಲೂ ಅಮ್ಮನೋ ಅತ್ತೆಯೋ ಇದ್ದರು. ನನ್ನ ಪಕ್ಕದ ಕುರ್ಚಿಯಲ್ಲಿ ನನ್ನ ಬ್ಯಾಗ್ ಇತ್ತು.

ತಿಂಡಿಗಳ ಕಥೆಯನ್ನೆಲ್ಲ ಕೇಳಿದ ಡಾಕ್ಟರಮ್ಮ, "ಪಾಪ, ಕಡ್ಲೆಕಾಯಿ ಏನಮ್ಮ ಮಾಡ್ತು ನಿಂಗೆ? ಮುಟ್ಟಾದ ತಾರೀಖು ಹೇಳು" ಅಂದರು. ಹೇಳಿದೆ. ಅಮ್ಮನ ವಿಷಯವನ್ನೂ ಹೇಳಿದೆ. ಅವರು ನಗುವುದನ್ನು ನಿಲ್ಲಿಸಿ ಸ್ಕ್ಯಾನ್ ಮಾಡಿಸಿದರು. ಆಮೇಲೆ ಕುರ್ಚಿ ಹತ್ತಿರ ಎಳೆದುಕೊಂಡು ಕೂತರು.

"ಗಡ್ಡೆಗಿಡ್ಡೆ ಏನೂ ಇಲ್ಲ. ಮುಂದಿನ ಮುಟ್ಟಿಗೆ ಸುಮಾರು ಎರಡು ವಾರ ಮುಂಚೆ ಅಂಡಾಶಯದಿಂದ ಅಂಡ ಹೊರಗ್ಬರುತ್ತೆ. ಆಗ ಕೆಲವರಿಗೆ ಯಾವ ಕಡೆಯಿಂದ ಬಂತೋ ಆ ಕಡೆ ಹಿಡ್ಕೊಳ್ಳುತ್ತೆ. ಆ ಲೋಳೆನೂ ಅದಕ್ಕೇನೇ. ಮೊಟ್ಟೆ ಒಳಗೆ ಬಿಳಿ ಲೋಳೆ ಇರುತ್ತಲ್ಲ, ಹಂಗೆ ಎಳೆ ಬರುತ್ತೆ."

"ಮೇಡಂ, ನಮ್ಮನೇಲಿ ಮೊಟ್ಟೆ ತರಲ್ಲ. ನಾನು ಒಡೆದು ನೋಡಿಲ್ಲ."

"ಬೆಂಡೇಕಾಯಾದ್ರೂ ತರ್ತೀರೋ ಇಲ್ವೋ?"

ಇಬ್ಬರೂ ನಕ್ಕೆವು. ಎಷ್ಟೋ ತಿಂಗಳ ಮೇಲೆ ನನ್ನ ಹೊಟ್ಟೆ ನಗುವಿನಿಂದ ನೋಯಿತು. ಕೆಲವರಿಗೆ ಸ್ತನ ಭಾರವಾಗಿ ನೋಯಬಹುದು, ಒಂದೆರಡು ಹನಿ ರಕ್ತ ಕಾಣಬಹುದು, ಏನೂ ಗೊತ್ತಾಗದವರೂ ಇದ್ದಾರೆ ಎಂದರು. ಬೆಳಗ್ಗೆ ಹಾಸಿಗೆ ಬಿಡುವ ಮುಂಚೆ ನೋಡಿದರೆ ಮೈಬಿಸಿ ಒಂಚೂರು ಏರಿರುತ್ತದಂತೆ, ಆದರೆ ಅದು ಅಂಡ ಬಂದ ಮೇಲೆ. ನೋವು ಎರಡು ದಿನ ದಾಟಿದರೆ, ಜ್ವರ ಬಂದರೆ, ಲೋಳೆಗೆ ವಾಸನೆಯೋ ತುರಿಕೆಯೋ ಇದ್ದರೆ ತಡಮಾಡದೆ ಬಾ ಎಂದೂ ಹೇಳಿದರು.

ಸಂಜೆ ಅಪ್ಪ ಸ್ಕ್ಯಾನಿನ ಕವರ್ ನೋಡಿಬಿಟ್ಟರು. ಅದನ್ನು ಮುಟ್ಟಲಿಲ್ಲ. ಗೋಡೆ ಹಿಡಿದುಕೊಂಡು ನಿಂತರು.

"ಏನಂತೆ?"

"ಏನಿಲ್ಲಪ್ಪ, ನಾರ್ಮಲ್. ತಿಂಗಳ ಮಧ್ಯ ಒಂದೊಂದ್ಸಲ ಹಿಡ್ಕೊಳ್ಳುತ್ತಂತೆ."

ಅಪ್ಪ ಮೆಲ್ಲಗೆ ಕೂತರು. ಕನ್ನಡಕ ತೆಗೆದು ಬನಿಯನ್ನಿನಲ್ಲಿ ಒರೆಸಿದರು. "ನೀನು ಹೊಟ್ಟೆ ಮೇಲೆ ಕೈ ಇಟ್ಕೊಂಡು ಓಡಾಡ್ತಿದ್ದೆ. ನೋಡ್ತಿದ್ದೆ ನಾನು. ಕೇಳೋಕೆ ಭಯ ಆಗೋದು," ಎಂದರು. ಕನ್ನಡಕ ಮತ್ತೆ ಹಾಕಿಕೊಂಡು ಇನ್ನೊಂದು ಮಾತು ಹೇಳಿದರು. "ನಿಮ್ಮಮ್ಮಂಗೂ ಹಿಂಗೇ ಆಗೋದು. ಕಾಯಿಲೆ ಬೇರೆ, ಅದು ಆಮೇಲಿಂದು. ಇದು ಮದ್ವೆ ಆದಾಗಿಂದ್ಲೂ ಇತ್ತು. ಬಿಸಿನೀರಿನ ಬ್ಯಾಗ್ ಇಟ್ಕೊಂಡು ರೇಡಿಯೋ ಕೇಳ್ತಾ ಕೂತಿರೋಳು."

ಆ ರಾತ್ರಿ ಅಪ್ಪ ಕುಕ್ಕರ್ ಇಟ್ಟರು. ಆ ವಿಷಯ ನಾವು ಮತ್ತೆ ಎತ್ತಲಿಲ್ಲ.

ಈಗ ಬೆಂಡೆಕಾಯಿ ಅರ್ಧಕ್ಕೆ ಬಿಟ್ಟು ಬರೆಯುತ್ತಿದ್ದೇನೆ. ಬೆಳಗ್ಗೆಯಿಂದ ಎಡಗಡೆ ಸಣ್ಣಗೆ ಹಿಡಿದಿದೆ. ನಿನ್ನೆಯೇ ಎಳೆ ಕಂಡಿದ್ದರಿಂದ ಭಯವಿಲ್ಲ. ಭಯವಿಲ್ಲದ ಮೇಲೆ ಈ ನೋವಿನ ಜೊತೆ ಕೂರಲು ಯಾರೂ ಇಲ್ಲ ಎನ್ನುವುದಷ್ಟೇ ಉಳಿಯುತ್ತದೆ. ಎದ್ದು ಬಳ್ಳಾರಿಗೆ ಫೋನ್ ಮಾಡಿದೆ.

"ಅಪ್ಪ, ಅಮ್ಮಂಗೆ ಯಾವ ಕಡೆ ನೋಯ್ತಿತ್ತು?"

ಯಾವ ನೋವು ಎಂದು ಅವರು ಕೇಳಲಿಲ್ಲ. "ಒಂದೊಂದ್ಸಲ ಒಂದೊಂದ್ಕಡೆ," ಎಂದರು. "ನಿಂಗೆ ಇವತ್ತು ಯಾವ ಕಡೆ?"

"ಎಡಗಡೆ."

"ನೀರು ಕಾಯೋಕಿಡು. ಫೋನ್ ಇಡ್ಬೇಡ."

ಫೋನನ್ನು ಒಲೆಯ ಪಕ್ಕ ನಿಲ್ಲಿಸಿ ನೀರಿಟ್ಟೆ. ನೀರು ಕುದಿಯುವವರೆಗೆ ಅಪ್ಪ ಲೈನಿನಲ್ಲೇ ಇದ್ದರು.

ಒಂದು ವಿಷಯ ಡಾಕ್ಟರಮ್ಮನನ್ನು ಕೇಳುವುದು ಮರೆತಿದ್ದೆ, ಅಪ್ಪನಿಗೂ ಗೊತ್ತಿಲ್ಲ. ಈ ನೋವು ತಾಯಿಯಿಂದ ಮಗಳಿಗೆ ಬರುತ್ತದೆಯೇ? ನಿಮ್ಮಲ್ಲಿ ಬಲ್ಲವರಿದ್ದರೆ ದಯವಿಟ್ಟು ಬರೆದು ತಿಳಿಸಿ. ಬರುತ್ತದೆ ಎಂದಾದರೆ ನನಗೆ ಸಂತೋಷ.