ಲಾಗ್ ಟೇಬಲ್ ಓದಿದ ಫೋನುಗಳು

ಚರ್ರ್ ಅಂತ ಒಂದು ಸಪ್ಪಳ. ಹೊಸ ಫೋನಿನ ಗಾಜಿನ ಮೇಲೆ ಅಂಟಿಸಿರುವ ತೆಳ್ಳನೆಯ ಪ್ಲಾಸ್ಟಿಕ್ಕನ್ನು ಒಂದು ಮೂಲೆಯಿಂದ ಎಳೆದಾಗ ಬರುವ ಸಪ್ಪಳ. ಸಿಂಧನೂರಿನ ನಮ್ಮ ಮನೆಯ ಮುಂದಿನ ಖೋಲಿಯಲ್ಲಿ ಕೂತು ನನ್ನ ತಂಗಿಯ ಮಗಳು ಅದನ್ನು ಮೈಕಿನ ಹತ್ತಿರ ಹಿಡಿದು ಬೇಕಂತಲೇ ನಿಧಾನವಾಗಿ ಎಳೆಯುತ್ತಿದ್ದಳು. "ಜನಕ್ಕ ಈ ಸೌಂಡ್ ಭಾಳ ಸೇರ್ತದ, ದೊಡ್ಡವ್ವ," ಅನ್ನುತ್ತಿದ್ದಳು. ಯಾಕೆ ಸೇರುತ್ತದೆ ಅಂತ ನನಗೆ ಆಗಲೂ ತಿಳಿಯಲಿಲ್ಲ, ಈಗಲೂ ತಿಳಿದಿಲ್ಲ.

ಆಕೆ ಮತ್ತು ಆಕೆಯ ಗಂಡ ಬಸ್‌ಸ್ಟ್ಯಾಂಡ್ ರಸ್ತೆಯಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದರು. ಹೊಸ ಮಾಡೆಲ್ ಬಂದಾಗೆಲ್ಲ ಒಂದು ರಿವ್ಯೂ ವಿಡಿಯೋ ಮಾಡಿ ತಮ್ಮ ಚಾನೆಲ್ಲಿಗೆ ಹಾಕುತ್ತಿದ್ದರು. ಅಳಿಯ ಡಬ್ಬಿ ಬಿಚ್ಚಿ, ಚಾರ್ಜರ್ ತೋರಿಸಿ, ಹಿಂದಿನ ಕ್ಯಾಮೆರಾಗಳನ್ನು ಎಣಿಸಿ, "ಫ್ರೆಂಡ್ಸ್, ಬೆಲೆಗೆ ತಕ್ಕ ಫೋನು" ಅಂತ ಮುಗಿಸುತ್ತಿದ್ದ. ಊರೂರಿನಲ್ಲಿ ಎಲ್ಲರೂ ಇದನ್ನೇ ಮಾಡುವುದರಿಂದ ನೋಡುವವರು ನಮ್ಮ ಬಳಗದ ಹತ್ತು ಮಂದಿ ಮಾತ್ರ. ಅದರಲ್ಲಿ ನಾನೂ ಒಬ್ಬಳು, ಅದೂ ಮುಲಾಜಿಗೆ.

ಒಂದು ದಿನ ಹುಡುಗಿ ನನ್ನ ಮುಂದೆ ಬಂದು ನಿಂತಳು. "ದೊಡ್ಡವ್ವ, ಈ ಸಲ ನೀ ಮಾತಾಡು. ವಯಸ್ಸಾದಾಕಿ, ಕಾನ್ವೆಂಟ್ ಇಂಗ್ಲಿಷು, ಕಾಟನ್ ಸೀರಿ. ಎಲ್ಲಾ ಒರಿಜಿನಲ್."

ಒರಿಜಿನಲ್ ಅನ್ನುವ ಶಬ್ದದ ಜೊತೆ ನನಗೆ ಹಳೆಯ ತಕರಾರು ಇದೆ. ಕಾನ್ವೆಂಟಿನಲ್ಲಿ ಸಿಸ್ಟರ್ ನನ್ನ ಕಾಂಪೋಜಿಷನ್ ಪುಸ್ತಕದಲ್ಲಿ ಕೆಂಪು ಶಾಯಿಯಿಂದ 'ಬಿ ಒರಿಜಿನಲ್' ಅಂತ ಬರೆಯುತ್ತಿದ್ದರು. ಅದೇ ಸಿಸ್ಟರ್ ಮರುದಿನ ಪ್ರಬಂಧವನ್ನು ಬಾಯಿಪಾಠ ಒಪ್ಪಿಸಲು ಹೇಳುತ್ತಿದ್ದರು. ಮುಂದೆ ಲಿಂಗಸುಗೂರಿನ ಒಂದು ಹೈಸ್ಕೂಲಿನಲ್ಲಿ ಇಪ್ಪತ್ತೆಂಟು ವರ್ಷ ನಾನೂ ಮಕ್ಕಳಿಗೆ ಎರಡನ್ನೂ ಮಾಡಿಸಿದೆ. ಹಾಗಾಗಿ ಫೋನಿನ ಮುಂದೆ ಕೂತಾಗ ನನ್ನ ತಲೆ ಪೂರ್ತಿ ಬ್ಲ್ಯಾಂಕ್. ಮೊದಲು ಅದರ ಬಣ್ಣವನ್ನು ವರ್ಣಿಸಿದೆ. ಅಳಿಯ ಮರ್ಯಾದೆಯಿಂದ ಕೇಳಿ, "ಬ್ಯಾಟರಿ ಬಗ್ಗೆ ಏನಾರ ಹೇಳ್ರಿ ಅತ್ತೀ" ಅಂದ. ಆಮೇಲೆ ಬಂಗಾಳಿ ನಿರಾಶ್ರಿತರ ಆರ್.ಎಚ್. ಕ್ಯಾಂಪಿಗೆ ಹೋಗಿ ಮೀನು ಮಾರುವ ಹೆಂಗಸಿನ ಬೆರಳನ್ನು ಫೋನಿನ ಬೆರಳಚ್ಚಿನ ಲಾಕಿಗೆ ಒತ್ತಿಸಿದೆ. ಒದ್ದೆ ಬೆರಳಿನ ಗುರುತು ಅದಕ್ಕೆ ಹತ್ತಲಿಲ್ಲ. ಎಂಥ ಐಡಿಯಾ ಅಂತ ಹಿಗ್ಗುತ್ತ ಮನೆಗೆ ಬಂದರೆ, ಬೇರೆ ಯಾವುದೋ ಊರಿನವನು ಇದನ್ನೇ ಎಮ್ಮೆ ಕಟ್ಟುವವನ ಕೈಯಲ್ಲಿ ಆಗಲೇ ಮಾಡಿ ಹಾಕಿದ್ದ. ಹೊಸದು ಅಂತ ನಾನು ಅಂದುಕೊಂಡದ್ದೆಲ್ಲ ಯಾರಿಗಾದರೂ ಹಳೆಯದಾಗಿರುತ್ತಿತ್ತು.

ಆಗ ನೆನಪಾದವಳು ಮಸ್ಕಿಯ ನನ್ನ ಗೆಳತಿ. ಒಂದೇ ಸ್ಕೂಲಿನಲ್ಲಿ ನಾನು ಇಂಗ್ಲಿಷ್, ಆಕೆ ಗಣಿತ. ಮದುವೆಯಾದವಳಲ್ಲ, ರಿಟೈರ್ ಆದ ಮೇಲೆ ಮಸ್ಕಿಗೆ ಹಿಂತಿರುಗಿ ತಮ್ಮನ ಸಂಸಾರದ ಜೊತೆ ಇದ್ದಳು. ಎರಡೂ ಕಣ್ಣಿಗೆ ಪೊರೆ ತೆಗೆಸಿ ಲೆನ್ಸ್ ಹಾಕಿಸಿಕೊಂಡಿದ್ದಳು. ಆದರೂ ಪೇಪರಿನ ಸಣ್ಣ ಅಕ್ಷರ ಕಷ್ಟವಾಗುತ್ತಿತ್ತು. ತಮ್ಮನ ಸೊಸೆ ಓದಿ ಹೇಳುತ್ತಿದ್ದಳು, ಆದರೆ ತನಗೆ ಬೇಕಾದ್ದನ್ನು ಮಾತ್ರ.

"ಸಾವಿನ ಸುದ್ದಿ, ಬಂಗಾರದ ಧಾರಣಿ, ಮುಗೀತು ಪೇಪರು," ಅಂತ ಗೆಳತಿ ನನ್ನ ಹತ್ತಿರ ಗೊಣಗಿದಳು. "ಇನ್ನೊಬ್ಬರ ಬಾಯಿಲೆ ಪೇಪರ್ ಕೇಳೂದು ನನ್ನ ಕಡೆ ಆಗಂಗಿಲ್ಲ ಬೇ. ಫೋನಿನ ಕ್ಯಾಮೆರಾ ಹಿಡಿದ್ರ ಅಕ್ಷರ ದೊಡ್ಡು ಕಾಣ್ತಾವಂತ. ಯಾವ ಫೋನು ಛಲೋ ಹೇಳು, ತಗೋತೀನಿ."

"ನನಗೇನು ಗೊತ್ತು. ನೀನೇ ನೋಡಿ ಹೇಳು, ಅದನ್ನೇ ನಾನು ರಿವ್ಯೂ ಮಾಡ್ತೀನಿ," ಅಂದೆ.

ಗಣಿತದವಳಿಗೆ ಸುಮ್ಮನೆ ನೋಡಿ ಹೇಳುವುದು ಗೊತ್ತಿಲ್ಲ. ಟ್ರಂಕು ತೆಗೆದು ಹಳೆಯ ಲಾಗ್ ಟೇಬಲ್ ಪುಸ್ತಕ ಹೊರಗೆಳೆದಳು. ಪುಟದ ತುಂಬ ಇರುವೆ ಸಾಲಿನಂಥ ಅಂಕಿಗಳು, ಒಂದರ ಪಕ್ಕ ಒಂದು. "ಪೇಪರ್ ಆದ್ರ ಅರ್ಧ ಓದಿ ಅರ್ಧ ಊಹಾ ಮಾಡಬಹುದು. ಇದ್ರಾಗ ಊಹಾ ನಡಿಯಂಗಿಲ್ಲ," ಅಂದಳು. ನಿಯಮವನ್ನೂ ಆಕೆಯೇ ಮಾಡಿದಳು. ಬೆಳಿಗ್ಗೆ ಹತ್ತು ಗಂಟೆ, ಅದೇ ಕಿಟಕಿ, ಅದೇ ಕುರ್ಚಿ, ಫೋನಿನ ಬೆಳಕು ಪೂರ್ತಿ. ನಾನು ತೋರಿಸಿದ ಇಪ್ಪತ್ತೈದು ಸಂಖ್ಯೆಗಳನ್ನು ಆಕೆ ಫೋನಿನೊಳಗಿಂದ ಓದಬೇಕು. ಸರಿ ಓದಿದ ಪ್ರತಿ ಸಂಖ್ಯೆಗೆ ಒಂದು ಮಾರ್ಕು, ಪಾಸೋ ಫೇಲೋ ಫೋನಿನದು. ಪ್ರತಿ ಸಲ ಬೇರೆ ಸಾಲು, ಇಲ್ಲದಿದ್ದರೆ ಬಾಯಿಪಾಠವಾಗುತ್ತದೆ.

"ಎಲ್ಲಾ ಒಂದೇ ಇರಬೇಕು, ಫೋನು ಒಂದ ಬದಲಾಗಬೇಕು. ಅಂದ್ರ ಫೇರ್," ಅಂದಳು.

ಯುಗಾದಿಯ ಹೊತ್ತಿಗೆ ಮೊದಲನೆಯ ಫೋನು ಒಯ್ದೆ. ಅಗ್ಗದ್ದು. ಇಪ್ಪತ್ತೊಂದು ಬಂತು. ನಾನು ಸಿಂಧನೂರಿಗೆ ಬಂದು ಕ್ಯಾಮೆರಾ ಮುಂದೆ ಕೂತು, ರಿಟೈರ್ಡ್ ಗಣಿತ ಟೀಚರ್ ಒಬ್ಬರು ಲಾಗ್ ಟೇಬಲ್ ಇಟ್ಟು ಈ ಫೋನಿಗೆ ಇಷ್ಟು ಮಾರ್ಕು ಕೊಟ್ಟಿದ್ದಾರೆ ಅಂತ ಹೇಳಿದೆ. ಆಕೆಯ ಹೆಸರು ಹೇಳಲಿಲ್ಲ, ಆಕೆಗೆ ಅದು ಬೇಕಿರಲಿಲ್ಲ. ಅಳಿಯ ತಲೆ ಕೆರೆದುಕೊಂಡ. ಆದರೆ ಜನ ನೋಡಿದರು.

ಕಾಲುವೆಗೆ ನೀರು ಬಿಟ್ಟು ನಾಟಿ ಶುರುವಾದಾಗ ಎರಡನೆಯದು ಬಂತು. ಅದಕ್ಕಿಂತ ದುಬಾರಿಯದು, ಬಂದದ್ದು ಹದಿನೇಳು. "ಇದರ ಅಂಚಿನ್ಯಾಗ ಮಬ್ಬು ಐತಿ. ನಟ್ಟನಡುವ ಛಲೋ, ಬಾಜೂಕ ಕರ್ರಗ," ಅಂದಳು. ನಾನೂ ಹಣಕಿ ನೋಡಿದೆ. ನನಗೆ ಮಬ್ಬು ಕಾಣಲಿಲ್ಲ, ಆದರೆ ನನ್ನದು ಇಂಗ್ಲಿಷ್ ಕಣ್ಣು, ಆಕೆಯದು ಗಣಿತದ ಕಣ್ಣು ಅಂದುಕೊಂಡೆ. ವಿಡಿಯೋದಲ್ಲಿ ಹಾಗೆಯೇ ಹೇಳಿದೆ. ಸ್ಕ್ರೀನಿನ ಎಡ್ಜಸ್ ಆರ್ ಡಲ್.

ದಸರೆಗೆ ಬಂದದ್ದು ಇನ್ನೂ ದುಬಾರಿ. ಹದಿಮೂರು. ಜನಕ್ಕೆ ಹುಚ್ಚು ಹಿಡಿಯಿತು. ಬೆಲೆ ಏರಿದಷ್ಟೂ ಮಾರ್ಕು ಇಳಿಯುತ್ತದೆ ಅಂತ ಧೈರ್ಯವಾಗಿ ಹೇಳುವವರು ಇದುವರೆಗೆ ಯಾರೂ ಇರಲಿಲ್ಲವಂತೆ. 'ಟೀಚರಮ್ಮ ಯಾರಿಗೂ ಹೆದರಂಗಿಲ್ಲ' ಅಂತ ಕೆಳಗೆ ಬರೆದರು. ತಂಗಿಯ ಮಗಳು ನನ್ನ ಕೆನ್ನೆ ಹಿಂಡಿದಳು. ಲಿಂಗಸುಗೂರಿನ ಹಳೆಯ ವಿದ್ಯಾರ್ಥಿನಿಯೊಬ್ಬಳು ಫೋನ್ ಮಾಡಿ, "ಮೇಡಂ, ನಮ್ಮನಿಯವರು ನಿಮ್ಮ ವಿಡಿಯೋ ನೋಡಿ ಫೋನು ತಗೊಳ್ಳೂದು ಬಿಟ್ಟಾರ" ಅಂದಳು. ಹೊಗಳಿದಳೋ ಬೈದಳೋ ಗೊತ್ತಾಗಲಿಲ್ಲ, ಥ್ಯಾಂಕ್ಯೂ ಅಂದೆ.

ಗೆಳತಿ ಮಾತ್ರ ಹಿಗ್ಗಲಿಲ್ಲ. ಆಕೆಗೆ ಇನ್ನೂ ಪೇಪರ್ ಓದಲು ಒಂದು ಫೋನು ಸಿಕ್ಕಿರಲಿಲ್ಲ. ಸಂಕ್ರಾಂತಿ ಮುಗಿದ ಮೇಲೆ, ನಾಲ್ಕನೆಯದನ್ನು ತರುತ್ತೇನೆ ಅಂದಾಗ ಬೇಡ ಅಂದಳು.

"ಮೊದಲನೇದ ತಗೊಂಡು ಬಾ."

"ಅದನ್ನ ನೋಡಿ ಆಗ್ಯಾದಲ್ಲ. ಇಪ್ಪತ್ತೊಂದು ಕೊಟ್ಟಿ."

"ಪೇಪರ್ ರೀವ್ಯಾಲ್ಯುಯೇಷನ್ ಅಂತ ಇರತೈತಿ, ಇಂಗ್ಲಿಷ್ ಟೀಚರಮ್ಮಾ. ತಾ."

ಆ ಫೋನನ್ನು ತಂಗಿಯ ಮಗಳೇ ಬಳಸುತ್ತಿದ್ದಳು. ಕಾಡಿ ಬೇಡಿ ಒಂದು ದಿನಕ್ಕೆ ಇಸಕೊಂಡು ಮಸ್ಕಿಗೆ ಹೋದೆ. ಅದೇ ಕಿಟಕಿ, ಅದೇ ಕುರ್ಚಿ. ಆಕೆ ಓದಲು ಶುರು ಮಾಡಿದಳು. ನಾನು ಪೆನ್ಸಿಲ್ಲಿನಿಂದ ಗೀಟು ಹಾಕುತ್ತ ಹೋದೆ. ಒಂದು ಸಾಲಿನ ಕೊನೆಯಿಂದ ಮುಂದಿನ ಸಾಲಿನ ಮೊದಲಿಗೆ ಬರಲು ಆಕೆಗೆ ಆಗುತ್ತಿರಲಿಲ್ಲ. ಎರಡು ಸಾಲು ಕೆಳಗೆ ಜಾರಿ ಅಲ್ಲಿನದನ್ನು ಓದುತ್ತಿದ್ದಳು. ಒಂದು ಸಲ ಪುಟ ಬಿಟ್ಟು ಮೇಜಿನ ಮೇಲೆಯೇ ಫೋನು ಹಿಡಿದಳು.

"ಎಷ್ಟು?"

ನಾನು ಸುಳ್ಳು ಹೇಳಬಹುದಿತ್ತು. ಹತ್ತು ಅಂದೆ. ನಿಜವಾಗಿ ಒಂಬತ್ತು.

"ಅದ ಫೋನು. ಅದ ಪುಸ್ತಕ. ಅದ ಕಿಡಕಿ. ಅದ ಟೈಮು. ಬದಲಾಗಿದ್ದು ಏನು, ಹೇಳು."

ನಾನು ಫೋನನ್ನು ತಿರುಗಿಸಿ ನೋಡಿದೆ. ಸೆರಗಿನಿಂದ ಕ್ಯಾಮೆರಾ ಒರೆಸಿದೆ. "ಆ ಹುಡುಗಿ ಎಣ್ಣಿ ಕೈಯಾಗ ಹಿಡೀತಾಳ. ಲೆನ್ಸಿನ ಮ್ಯಾಲ ಜಿಡ್ಡು ಕೂತಿರಬೇಕು," ಅಂದೆ. ಖರೆ ಹೇಳುತ್ತೇನೆ, ನಾನು ಅದನ್ನು ನಂಬಿಯೇ ಹೇಳಿದ್ದು.

ಆಕೆ ಲಾಗ್ ಟೇಬಲ್ ಮುಚ್ಚಿದಳು. "ನೀ ಇಂಗ್ಲಿಷ್ ಟೀಚರ್ ಆಗಿದ್ದ ಸರಿ ಆತು ಬಿಡು," ಅಂದಳು. ಆಮೇಲೆ ಪುಸ್ತಕವನ್ನು ಬದಿಗೆ ಸರಿಸಿ, "ಕೆಟ್ಟಿದ್ದು ಫೋನಲ್ಲ. ನಾನು," ಅಂದಳು. ಚಹಾ ಮಾಡಲು ಎದ್ದವಳು ಬಾಗಿಲ ಚೌಕಟ್ಟಿಗೆ ಭುಜ ತಾಗಿಸಿಕೊಂಡು ಒಳಗೆ ಹೋದಳು. ಹೋದ ಸಲವೂ ತಾಗಿಸಿಕೊಂಡಿದ್ದಳು. ಅದರ ಹಿಂದಿನ ಸಲವೂ. ನಾನು ನೋಡಿದ್ದೆ, ಆದರೆ ನಾನು ಬಂದದ್ದು ಫೋನಿನ ರಿವ್ಯೂ ಮಾಡಲು.

ರಾಯಚೂರಿನ ಕಣ್ಣಿನ ಡಾಕ್ಟರ ಹತ್ತಿರ ನಾನೇ ಕರೆದುಕೊಂಡು ಹೋದೆ. ಕಣ್ಣಿನೊಳಗೆ ಒತ್ತಡ ಏರಿದೆ, ಪೊರೆಗೂ ಇದಕ್ಕೂ ಸಂಬಂಧವಿಲ್ಲ, ಅಂಚಿನಿಂದ ನೋಟ ಕಡಿಮೆಯಾಗುತ್ತ ಬರುತ್ತದೆ, ಹೋದದ್ದು ತಿರುಗಿ ಬರುವುದಿಲ್ಲ ಅಂದರು. ಉಳಿದದ್ದನ್ನು ಉಳಿಸಿಕೊಳ್ಳಲು ಡ್ರಾಪ್ಸ್ ಬರೆದುಕೊಟ್ಟರು. ಒಂದು ವರ್ಷ ಮೊದಲೇ ಬಂದಿದ್ದರೆ ಅಂತ ಶುರು ಮಾಡಿ ಮಾತು ಬದಲಿಸಿದರು. ಒಂದು ವರ್ಷ ಮೊದಲು ನಾವು ಇಪ್ಪತ್ತೊಂದು ಮಾರ್ಕು ಕೊಟ್ಟು ಖುಷಿಪಡುತ್ತಿದ್ದೆವು. ದಸರೆಯ ಹೊತ್ತಿಗೇ ಮೂರೂ ಮಾರ್ಕುಗಳನ್ನು ಒಂದರ ಕೆಳಗೆ ಒಂದು ಬರೆದು ಡಾಕ್ಟರಿಗೆ ತೋರಿಸಿದ್ದರೆ ಅವರಿಗೆ ಆಗಲೇ ಗೊತ್ತಾಗುತ್ತಿತ್ತೋ ಏನೋ. ನಾನು ಅದನ್ನು ಊರಿಗೆಲ್ಲ ತೋರಿಸಿದ್ದೆ.

ಇನ್ನು ವಿಡಿಯೋಗಳ ಗತಿ ಏನು? ಎರಡು ಫೋನುಗಳ ಮೇಲೆ ಇಲ್ಲದ ತಪ್ಪು ಹೊರಿಸಿದ್ದೆ. ಅದನ್ನು ಸರಿ ಮಾಡಬೇಕಾದರೆ ಕಾರಣ ಹೇಳಬೇಕು, ಕಾರಣ ಹೇಳಿದರೆ ಆಕೆಯ ಕಣ್ಣಿನ ವಿಷಯ ಹೇಳಬೇಕು.

"ನನ್ನ ಕಣ್ಣಿನ ಸುದ್ದಿ ಊರ ಮುಂದ ಹಾಕಬ್ಯಾಡ," ಅಂತ ಗೆಳತಿ ಬಸ್ಸಿನಲ್ಲೇ ಹೇಳಿದ್ದಳು. "ಫೋನಿಂದು ತಪ್ಪಿಲ್ಲ, ಮಾರ್ಕ್ಸ್ ಕೊಟ್ಟವರದು ತಪ್ಪು ಅಂತ ಹೇಳು. ಅಷ್ಟ ಸಾಕು, ಅದ ಖರೆ."

ತಂಗಿಯ ಮಗಳು ಮುಖ ಸಣ್ಣ ಮಾಡಿದಳು. "ಈಗಷ್ಟ ಜನ ನೋಡಾಕತ್ತಾರ ದೊಡ್ಡವ್ವ. ಹೊಸಾ ವಿಡಿಯೋ ಮಾಡೋಣು, ಹಳೇದು ಯಾರು ನೆನಪು ಇಡ್ತಾರ?" ಅಂದಳು. ಆಕೆಯ ಮಾತಿನಲ್ಲಿ ತಪ್ಪು ಕಾಣಲಿಲ್ಲ. ಅಳಿಯ, "ಅತ್ತಿ ಹೇಳಿದಂಗ ಮಾಡೋಣು" ಅಂದ, ಅದರಲ್ಲೂ ತಪ್ಪು ಕಾಣಲಿಲ್ಲ. ಮೂರು ದಿನ ಒದ್ದಾಡಿ ಕೊನೆಗೆ ಕ್ಯಾಮೆರಾ ಮುಂದೆ ಕೂತೆ. ಆ ಎರಡು ಫೋನುಗಳಲ್ಲಿ ಯಾವ ದೋಷವೂ ಇರಲಿಲ್ಲ, ತಪ್ಪು ಪರೀಕ್ಷೆ ಮಾಡಿದವರದು, ಅಯಾಮ್ ಸಾರಿ ಅಂದೆ. ಮುಂದಿನ ವಾಕ್ಯ ಬಾಯಿಯವರೆಗೆ ಬಂದು ನಿಂತಿತು. ಎಲ್ಲಕ್ಕಿಂತ ಒರಿಜಿನಲ್ ಆದ ರಿವ್ಯೂ ಅದೇ ಆಗುತ್ತಿತ್ತು, ಅದನ್ನು ನಾನು ನುಂಗಿದೆ.

ಜನ ಕೆಳಗೆ ಬರೆದರು: 'ಕಂಪನಿಯವರು ಟೀಚರಮ್ಮನ ಕೈ ಬೆಚ್ಚಗ ಮಾಡ್ಯಾರ.' ಇನ್ನೊಬ್ಬ: 'ವಯಸ್ಸಾತು, ಪಾಪ, ಬಿಡ್ರಿ.' ಎರಡನೆಯದೇ ಹೆಚ್ಚು ಚುಚ್ಚಿತು. ಅದಾದ ಮೇಲೆ ನಾನು ಮತ್ತೆ ರಿವ್ಯೂ ಮಾಡಲಿಲ್ಲ. ಒಂದು ವಸ್ತುವನ್ನು ನೋಡಿ ಹೀಗಿದೆ ಅಂತ ಹೇಳುವಾಗ ನಾವು ಹೇಳುತ್ತಿರುವುದು ವಸ್ತುವಿನ ಬಗ್ಗೆಯೋ ನಮ್ಮ ಬಗ್ಗೆಯೋ, ನನಗೆ ಆ ಗೆರೆ ಸಿಗದಂತಾಯಿತು. ಈಗ ಸೀರೆ ಅಂಗಡಿಯಲ್ಲಿ ಕೂಡ ಬಣ್ಣ ಹೆಂಗಿದೆ ಅಂತ ಯಾರಾದರೂ ಕೇಳಿದರೆ ತಡವರಿಸುತ್ತೇನೆ.

ಆಕೆಗೆ ಒಂದು ಫೋನನ್ನಂತೂ ಕೊಡಿಸಿದೆವು. ಪೇಪರಿನ ಮೇಲೆ ಹಿಡಿದರೆ ತಾನೇ ಓದಿ ಹೇಳುವಂಥದ್ದು. ಎರಡು ದಿನ ಕೇಳಿದಳು. "ಇದೂ ಇನ್ನೊಬ್ಬರ ಬಾಯಿ ಆತಲ್ಲ," ಅಂದು ಬದಿಗೆ ಇಟ್ಟಳು. ತಲೆಬರಹದ ದಪ್ಪ ಅಕ್ಷರಗಳನ್ನು ಮಾತ್ರ, ಪೇಪರನ್ನು ಮೂಗಿನ ಹತ್ತಿರ ತಂದು, ತಾನೇ ಓದುತ್ತಿದ್ದಳು. ಅಷ್ಟು ಮುಗಿಸಲು ಮಧ್ಯಾಹ್ನವಾಗುತ್ತಿತ್ತು.

ಮುಂದಿನ ಬೇಸಿಗೆಯಲ್ಲಿ ಬಳ್ಳಾರಿಯಲ್ಲಿದ್ದ ಗೆಳತಿಯ ತಂಗಿ ಆಕೆಯನ್ನು ತನ್ನ ಮನೆಗೆ ಕರೆಸಿಕೊಂಡಳು. ಅಲ್ಲಿ ಡಾಕ್ಟರು ಹತ್ತಿರ. ನನ್ನ ಮೊಣಕಾಲು ಕೈಕೊಟ್ಟ ಮೇಲೆ ನಾನು ಬಳ್ಳಾರಿಗೆ ಹೋಗಲು ಆಗಿಲ್ಲ. ವಾರಕ್ಕೊಮ್ಮೆ ಫೋನಿನಲ್ಲಿ ಮಾತಾಡುತ್ತೇವೆ. ನೋಟ ಇದ್ದಷ್ಟೇ ಇದೆಯಂತೆ. ಆಕೆ ಹಾಗೆ ಹೇಳುತ್ತಾಳೆ.

ಕೊನೆಯ ಸಲ ನೋಡಿದ್ದು ಆಕೆ ಹೊರಡುವ ಹಿಂದಿನ ದಿನ. ಊಟ ಮಾಡಿಸಿ, ಬೇಡ ಅಂದರೂ ಕೇಳದೆ ನನ್ನನ್ನು ಕಳಿಸಲು ಮಸ್ಕಿ ಬಸ್‌ಸ್ಟ್ಯಾಂಡಿನವರೆಗೆ ಆಟೋದಲ್ಲಿ ಬಂದಳು. ತಮ್ಮನ ಸೊಸೆ ಜೊತೆಗೆ ಹೊರಟರೆ, "ನಮ್ಮೂರ ಬಸ್‌ಸ್ಟ್ಯಾಂಡಿಗೆ ನನಗ್ಯಾಕ ಪೊಲೀಸ್ ಬಂದೋಬಸ್ತ್," ಅಂತ ಅವಳನ್ನು ತಡೆದಳು. ಸಿಂಧನೂರು ಬಸ್ಸು ಬಂತು. ನಾನು ಹತ್ತಿ ಕಿಟಕಿಯ ಪಕ್ಕ ಕೂತೆ. ಅಷ್ಟರಲ್ಲಿ ಲಿಂಗಸುಗೂರಿನ ಬಸ್ಸೂ ಬಂದು ಎದುರು ಬದಿಗೆ ನಿಂತಿತು. ಗೆಳತಿ ಸದ್ದಿನ ಕಡೆ ತಿರುಗಿದಳು. ಮುಖ ಎತ್ತಿ, ಆ ಬಸ್ಸಿನ ಕಿಟಕಿಗಳ ಕಡೆ ನೋಡುತ್ತ ಕೈ ಬೀಸತೊಡಗಿದಳು.

ನಾನು ಕಿಟಕಿಯಿಂದ ತಲೆ ಹೊರಗೆ ಹಾಕಿದೆ. ಕರೆಯಬೇಕೋ ಬೇಡವೋ ತಿಳಿಯಲಿಲ್ಲ. ಕರೆದರೆ ತಾನು ತಪ್ಪು ಬಸ್ಸಿಗೆ ಕೈ ಬೀಸುತ್ತಿದ್ದೇನೆ ಅಂತ ಆಕೆಗೆ ಗೊತ್ತಾಗುತ್ತದೆ. ಕರೆಯದಿದ್ದರೆ ನನಗೆ ಕೈ ಬೀಸಿದಂತೆ ಆಗುವುದಿಲ್ಲ. ಕಂಡಕ್ಟರ್ ಸೀಟಿ ಊದಿದ. ಎದುರಿನ ಬಸ್ಸಿನಲ್ಲಿ ಕೂಸನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದ ಯಾವಳೋ ಹೆಣ್ಣುಮಗಳು ಸ್ವಲ್ಪ ಹೊತ್ತು ಆಕೆಯನ್ನೇ ನೋಡಿದಳು, ಹಿಂದೆ ಮುಂದೆ ನೋಡಿದಳು, ಆಮೇಲೆ ತಾನೂ ಮೆಲ್ಲಗೆ ಕೈ ಎತ್ತಿದಳು. ಗೆಳತಿ ನಕ್ಕಳು. ನಮ್ಮ ಬಸ್ಸು ಹೊರಟಿತು.