ಕಾಕುವಿನ ಹಗೇವು

ಹೋದ ವಾರ ಮುಗ್ಗಿದ ಜೋಳದ ಚೀಲವೊಂದನ್ನು ಬಿಚ್ಚಿದೆ. ಆ ಬೆಚ್ಚನೆಯ ಹುಳಿವಾಸನೆ ಮೂಗಿಗೆ ಬಡಿದದ್ದೇ ತಡ, ಮನೋಳಿಯ ಕಾಕು ನೆನಪಾದರು... ಎಪ್ಪತ್ತರ ದಶಕದಲ್ಲಿ ನಾನು ಅಲ್ಲಿನ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಅವರು ನನ್ನ ಮನೆಯೊಡತಿ. ಅಂಗಳದಲ್ಲಿ ಜೋಳ ತುಂಬಿಡುವ ನೆಲದ ಕುಣಿ, ಹಗೇವು, ಇತ್ತು. ಅದನ್ನು ತೆಗೆಸಿದ ದಿನ ಇದೇ ವಾಸನೆ ಓಣಿಯೆಲ್ಲ ಹರಡುತ್ತಿತ್ತು.

"ಮೂಗು ಮುಚ್ಚಬ್ಯಾಡ ತಂಗಿ, ಇದರ ರೊಟ್ಟಿ ತಿಂದೇ ನೀ ಸಾಲಿಗೆ ಹೋಗೂದು" ಎಂದು ಕಾಡುತ್ತಿದ್ದರು.

ಒಂದು ವರ್ಷ ಅವರ ಕಣ್ಣು ಹಳದಿಯಾಯಿತು, ಹೊಟ್ಟೆಯಲ್ಲಿ ನೀರು ತುಂಬಿತು. ಧಾರವಾಡದ ಡಾಕ್ಟರರು ಯಕೃತ್ತು ಕೆಟ್ಟಿದೆ, ಹಸಿದಿರಲೇಬಾರದು ಎಂದು ನನ್ನೆದುರೇ ಹೇಳಿದರು. ಊರಿಗೆ ಬಂದು ನಾನು ಕಾಕುಗೆ ಪಾಠ ಮಾಡಿದೆ. ಉಂಡದ್ದರಲ್ಲಿನ ಸಕ್ಕರೆಯನ್ನು ಯಕೃತ್ತಿನ ಕೋಶಗಳು ಹಗೇವಿನಂತೆ ಕೂಡಿಟ್ಟು, ಹಸಿದಾಗ ಸ್ವಲ್ಪ ಸ್ವಲ್ಪವೇ ರಕ್ತಕ್ಕೆ ಕೊಡುತ್ತವೆ. ನಿಮ್ಮ ಕೋಶಗಳು ಸತ್ತು ಯಕೃತ್ತು ಗಡುಸಾಗಿದೆ, ಕೂಡಿಡಲು ಜಾಗವೇ ಉಳಿದಿಲ್ಲ, ಹಸಿದರೆ ರಕ್ತಕ್ಕೆ ಸಕ್ಕರೆ ಸಿಗದೆ ಎಚ್ಚರ ತಪ್ಪೀತು ಎಂದೆ.

"ಅಂದ್ರ ನನ್ನ ಹಗೇವಿನಾಗ ನೀರು ಹೊಕ್ಕದ ಅನ್ನು" ಎಂದರು ಕಾಕು. ನನಗೆ ಗೆದ್ದಷ್ಟು ಖುಷಿ. ಮರುಕ್ಷಣವೇ, "ನಾಳಿ ಏಕಾದಶಿ. ಅದೊಂದ ಬಿಟ್ಟು, ದ್ವಾದಶಿಯಿಂದ ನೀ ಹೇಳಿಧಂಗ ತಿಂತೇನಿ" ಎಂದರು.

ಮದುವೆಯಾದಾಗಿನಿಂದ ಅವರು ಏಕಾದಶಿಗೆ ನೀರು ಸಹ ಮುಟ್ಟಿದವರಲ್ಲ. ಬೇಡಿಕೊಂಡೆ, ಸಿಟ್ಟಾದೆ, ಅತ್ತೆ. ಅವರ ಮಗ, "ಅವ್ವನ ವ್ರತಾ ಮುರಿಸಿದ ಪಾಪ ನನಗ ಬ್ಯಾಡ್ರಿ ಅಕ್ಕಾರ" ಎಂದು ಎದ್ದುಹೋದ. ಗೋಡೆಗೆ ಹೇಳಿದಂತಾಯಿತು.

ದ್ವಾದಶಿಯ ಬೆಳಗ್ಗೆ ಬೆಲ್ಲದ ನೀರು ಹಿಡಿದು ಓಡಿದೆ. ಕಾಕು ಬೆವರಿನಲ್ಲಿ ತೊಯ್ದು ತಪ್ಪಡಿಯಾಗಿದ್ದರು. ನನ್ನನ್ನು ಎಂದೋ ತೀರಿಹೋದ ತಮ್ಮ ಅಕ್ಕನ ಹೆಸರಿನಿಂದ ಕರೆದರು. ಲೋಟವನ್ನು ತುಟಿಗೆ ಹಿಡಿದೆ. ಬಾಯಿ ಬಿಗಿದುಕೊಂಡು ಮುಖ ತಿರುವಿದರು.

"ಸ್ನಾನ ಆಗಿಲ್ಲ ಇನ್ನೂ..."

ಎಲ್ಲ ಮರೆತವರು ಅದೊಂದನ್ನು ಮರೆತಿರಲಿಲ್ಲ. ಗಲ್ಲ ಹಿಡಿದು ಕುಡಿಸಬೇಕಿತ್ತು ನಾನು. ಹಿರಿಯರು, ಮಡಿಯವರು ಎಂದು ಕೈ ಹಿಂದೆ ಸರಿಯಿತು. ಸ್ನಾನವೊಂದು ಆಗಿಬಿಟ್ಟರೆ ಕುಡಿಯುತ್ತಾರೆಂದು ಬಚ್ಚಲಿಗೆ ಓಡಿ ಒಲೆ ಹೊತ್ತಿಸಿದೆ... ಹಂಡೆಯ ನೀರು ಕಾಯುವಷ್ಟರಲ್ಲಿ ಕಾಕು ಕರೆದರೂ ಓಗೊಡದಂತಾಗಿದ್ದರು. ಸವದತ್ತಿಯ ದವಾಖಾನೆಗೆ ಒಯ್ದೆವು. ಮತ್ತೆ ಎಚ್ಚರಾಗಲಿಲ್ಲ.

ಆಮೇಲೆ ಎಷ್ಟೋ ವರ್ಷ ಯಕೃತ್ತಿನ ಪಾಠ ಮಾಡಿದೆ. ಹಗೇವಿನ ಹೋಲಿಕೆ ಮಾತ್ರ ಬಾಯಿಗೆ ಬರಲಿಲ್ಲ. ಹೋದ ವಾರದ ಆ ಜೋಳವನ್ನು ಬಿಸಿಲಿಗೆ ಹರವಿ, ಬೀಸಿಸಿ ರೊಟ್ಟಿ ಬಡಿದೆ. ತಟ್ಟೆಯ ಮುಂದೆ ಮೂಗು ಮುಚ್ಚಿಕೊಂಡು ಕೂತೆ. ಮುಚ್ಚಬ್ಯಾಡ ತಂಗಿ ಎನ್ನಲು ಯಾರೂ ಇರಲಿಲ್ಲ.